1971-72ರ ಕಪ್ ವಿನ್ನರ್ಸ್ ಕಪ್: ಶೂಟೌಟ್ ಸೋತ ರೇಂಜರ್ಸ್ ಮುಂದಿನ ಸುತ್ತಿಗೆ ಹೋದದ್ದು ಹೇಗೆ?

ಮೂಲೆ_ಬಾವುಟ:
1971-72ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್‌ನ (ತಮ್ಮ ದೇಶದ ಕಪ್ ಗೆದ್ದ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿ) ಎರಡನೇ ಸುತ್ತಿನ ಪಟ್ಟಿಯಲ್ಲಿ ಒಂದು ವಿಷಯ ಅರ್ಥ ಆಗ್ತಿಲ್ಲ. ಗ್ಲಾಸ್ಗೋ ರೇಂಜರ್ಸ್ ಮತ್ತು ಸ್ಪೋರ್ಟಿಂಗ್ ಲಿಸ್ಬನ್: ಮೊದಲ ಲೆಗ್ (ಇಬ್ಬರ ಊರಲ್ಲೂ ಒಂದೊಂದು ಆಡುವ ಎರಡು ಪಂದ್ಯದಲ್ಲಿ ಮೊದಲನೇದು) 3-2, ಎರಡನೇ ಲೆಗ್ 3-4, ಒಟ್ಟು 6-6. ಅವೇ ಗೋಲ್ (ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲ್; ಒಟ್ಟು ಸಮವಾದರೆ ಅದು ಹೆಚ್ಚಿದ್ದವರು ಮುಂದಕ್ಕೆ) ಲೆಕ್ಕದಲ್ಲಿ ರೇಂಜರ್ಸ್ ಮುಂದಕ್ಕೆ ಹೋಯ್ತು ಅಂತ ಇದೆ. ಆದರೆ ಅದೇ ರಾತ್ರಿ ಲಿಸ್ಬನ್‌ನಲ್ಲಿ ಪೆನಾಲ್ಟಿ ಶೂಟೌಟ್ ನಡೆದು ರೇಂಜರ್ಸ್ ಸೋತಿತ್ತು ಅಂತಲೂ ಬರೆದಿದ್ದಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಆ ಸೀಸನ್ ಚೆನ್ನಾಗಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ_ಸ್ಕೋರ್‌ಕಾರ್ಡ್:
ಎರಡೂ ನಿಜ. ಆ ಶೂಟೌಟ್ ನಡೆಯಲೇಬಾರದಿತ್ತು, ರೆಫರಿ ನಡೆಸಿದರು, ಅಷ್ಟೇ. ಗೋಲ್ ಬಿದ್ದ ಕ್ರಮದಲ್ಲೇ ನೋಡಿದರೆ ಬೇಗ ಅರ್ಥ ಆಗುತ್ತೆ.

ಮೊದಲ ಲೆಗ್ ಅಕ್ಟೋಬರ್ 20ರಂದು ರೇಂಜರ್ಸ್ ತವರು ಮೈದಾನ ಐಬ್ರಾಕ್ಸ್‌ನಲ್ಲಿ. ಹಾಫ್ ಟೈಮ್ ಹೊತ್ತಿಗೆ ರೇಂಜರ್ಸ್ 3-0 ಮುಂದಿತ್ತು. ಕಾಲಿನ್ ಸ್ಟೈನ್ ಎರಡು, ವಿಲ್ಲಿ ಹೆಂಡರ್ಸನ್ ಒಂದು. ಆಮೇಲೆ ಸ್ಪೋರ್ಟಿಂಗ್ ಎರಡು ಗೋಲ್ ವಾಪಸ್ ಹೊಡೆಯಿತು. ಈ ಎರಡು ಸ್ಪೋರ್ಟಿಂಗ್‌ನ ಅವೇ ಗೋಲ್.

ಎರಡನೇ ಲೆಗ್ ನವೆಂಬರ್ 3ರಂದು ಲಿಸ್ಬನ್‌ನಲ್ಲಿ. ಸ್ಪೋರ್ಟಿಂಗ್ ಮುಂದೆ ಹೋಗುವುದು, ಸ್ಟೈನ್ ಸಮ ಮಾಡುವುದು, ಮತ್ತೆ ಸ್ಪೋರ್ಟಿಂಗ್, ಮತ್ತೆ ಸ್ಟೈನ್. 2-2 ಇದ್ದಾಗ ರೇಂಜರ್ಸ್ ನೆಮ್ಮದಿಯಾಗಿತ್ತು. ಆಟ ಮುಗಿಯಲು ಏಳೆಂಟು ನಿಮಿಷ ಇರುವಾಗ ಗೋಮೆಸ್ ಮೂರನೇದು ಹೊಡೆದರು. 90 ನಿಮಿಷಕ್ಕೆ ಸ್ಪೋರ್ಟಿಂಗ್ 3-2. ಒಟ್ಟು 5-5, ಅವೇ ಗೋಲ್ ಇಬ್ಬರಿಗೂ ಎರಡೆರಡು. ಹಾಗಾಗಿ ಎಕ್ಸ್‌ಟ್ರಾ ಟೈಮ್. ಅಲ್ಲಿ ಮೊದಲು ಹೆಂಡರ್ಸನ್, ಕೊನೆಯ ಹೊತ್ತಿಗೆ ಪೆನಾಲ್ಟಿಯಲ್ಲಿ ಪೆರೆಸ್. 4-3. ಒಟ್ಟು 6-6, ಅವೇ ಗೋಲ್ ರೇಂಜರ್ಸ್‌ಗೆ ಮೂರು, ಸ್ಪೋರ್ಟಿಂಗ್‌ಗೆ ಎರಡು.

ಪಂದ್ಯ ಅಲ್ಲಿಗೆ ಮುಗಿಯಿತು. ಎಕ್ಸ್‌ಟ್ರಾ ಟೈಮ್‌ನ ಅವೇ ಗೋಲ್‌ಗೂ ಅದೇ ತೂಕ ಅಂತ ನಿಯಮ ಸ್ಪಷ್ಟವಾಗಿತ್ತು. ಡಚ್ ರೆಫರಿ ಲಾರೆನ್ಸ್ ವಾನ್ ರಾವೆನ್ಸ್ ಆ ಗೋಲನ್ನು ಲೆಕ್ಕಕ್ಕೆ ಹಿಡಿಯದೆ, ಸಮ ಅಂತ ತೀರ್ಮಾನಿಸಿ ಶೂಟೌಟ್ ಮಾಡಿಸಿದರು. ರೇಂಜರ್ಸ್ ಸೋತಿತು. ಆಮೇಲೆ ಸ್ಕಾಟಿಷ್ ಪತ್ರಕರ್ತ ಜಾನ್ ಫೇರ್‌ಗ್ರೀವ್ ನಿಯಮವನ್ನು ಮ್ಯಾನೇಜರ್ ವಿಲ್ಲಿ ವಾಡೆಲ್ ಗಮನಕ್ಕೆ ತಂದರು. ವಾಡೆಲ್ ನೇರವಾಗಿ ಯೂಎಫಾ (ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ) ವೀಕ್ಷಕರ ಹತ್ತಿರ ಹೋದರು. ಶೂಟೌಟ್ ರದ್ದಾಯಿತು, ರೇಂಜರ್ಸ್ ಗೆದ್ದಿದೆ ಅಂತ ತೀರ್ಪು ಬಂತು.

ಗೋಲ್‌ಪೋಸ್ಟ್_ಧಾರವಾಡ:
ಅಲ್ರೀ, ಅಂತಾರಾಷ್ಟ್ರೀಯ ರೆಫರಿಗೆ ಇಷ್ಟು ಗೊತ್ತಿರಲಿಲ್ಲ ಅಂದ್ರ ಹ್ಯಾಂಗ್ರಿ? ಏನರ ಕಾರಣ ಇರಬೇಕಲ್ಲ?

ಹಳೇ_ಸ್ಕೋರ್‌ಕಾರ್ಡ್:
ಆ ಕಾಲ ಹಾಗಿತ್ತು ಸರ್. ಅವೇ ಗೋಲ್ ನಿಯಮ ಬಂದದ್ದು 1965-66ರಲ್ಲಿ, ಅದೂ ಮೊದಲು ಇದೇ ಕಪ್ ವಿನ್ನರ್ಸ್ ಕಪ್‌ಗೆ. ಅಲ್ಲೂ ಸಮವಾದರೆ ಮೂರನೇ ಪಂದ್ಯ, ಇಲ್ಲವೇ ನಾಣ್ಯ ಚಿಮ್ಮುವುದು. ನಾಣ್ಯದ ಜಾಗಕ್ಕೆ ಪೆನಾಲ್ಟಿ ಶೂಟೌಟ್ ಬಂದದ್ದು 1970ರಲ್ಲಿ. ಯೂಎಫಾ ಟೂರ್ನಿಗಳಲ್ಲಿ ಮೊದಲನೇದು 1970ರ ಸೆಪ್ಟೆಂಬರ್ 30ರಂದು, ಹಾನ್ವೆಡ್ ಮತ್ತು ಅಬರ್ಡೀನ್ ನಡುವೆ, ಅದೂ ಇದೇ ಕಪ್‌ನಲ್ಲಿ. ಲಿಸ್ಬನ್ ಪಂದ್ಯದ ಹೊತ್ತಿಗೆ ಶೂಟೌಟ್‌ಗೆ ಒಂದು ವರ್ಷ ವಯಸ್ಸು. ಎರಡು ಹೊಸ ನಿಯಮ ಒಂದರ ಮೇಲೊಂದು ಕೂತಿದ್ದವು, ಯಾವುದಾದ ಮೇಲೆ ಯಾವುದು ಅನ್ನುವುದು ಎಲ್ಲರ ತಲೆಗೂ ಇಳಿದಿರಲಿಲ್ಲ. ಅವತ್ತು ಮೈದಾನದಲ್ಲಿದ್ದ ಎರಡೂ ತಂಡ ಶೂಟೌಟ್‌ಗೆ ಒಪ್ಪಿ ನಿಂತವು ಅನ್ನುವುದೇ ಅದಕ್ಕೆ ಸಾಕ್ಷಿ.

ಎಡಗಾಲು_ವಿಂಗರ್:
ಇಂಥ ಹಳೇ ಪಂದ್ಯಗಳ ಲೆಕ್ಕ ತಾಳೆ ನೋಡುವವರಿಗೆ ಒಂದು ಕ್ರಮ ಹೇಳ್ತೀನಿ, ಬಹಳ ಜನ ಇಲ್ಲೇ ಎಡವುತ್ತಾರೆ.

ಮೊದಲು ಪ್ರತಿ ಲೆಗ್‌ನಲ್ಲೂ ತವರಿನ ತಂಡ ಯಾವುದು ಅಂತ ಗುರುತು ಹಾಕಿಕೊಳ್ಳಿ. ಕೆಲವು ಪಟ್ಟಿಗಳಲ್ಲಿ ಎರಡನೇ ಲೆಗ್‌ನ ಸ್ಕೋರನ್ನೂ ಮೊದಲ ತಂಡದ ಕಡೆಯಿಂದಲೇ ಬರೆದಿರುತ್ತಾರೆ (ಮೇಲೆ 3-4 ಅಂತ ಇರುವುದು ಹಾಗೇ), ಕೆಲವದರಲ್ಲಿ ಆತಿಥೇಯರ ಸ್ಕೋರ್ ಮೊದಲು (4-3). ಇದನ್ನು ಗಮನಿಸದಿದ್ದರೆ ಗೆದ್ದವರೇ ಸೋತಂತೆ ಕಾಣುತ್ತಾರೆ. ಆಮೇಲೆ 180 ನಿಮಿಷದ ಒಟ್ಟು ತೆಗೆಯಿರಿ. ಸಮವಾದರೆ ಮಾತ್ರ ಅವೇ ಗೋಲ್ ಎಣಿಸಿ. ಅದೂ ಸಮವಾದರೆ ಮಾತ್ರ ಎಕ್ಸ್‌ಟ್ರಾ ಟೈಮ್ ಇದ್ದಿರಬೇಕು. ಅಲ್ಲಿನ ಗೋಲ್ ಸೇರಿಸಿ ಮತ್ತೆ ಒಟ್ಟು, ಮತ್ತೆ ಅವೇ ಗೋಲ್. ಆಗಲೂ ಸಮ ಇದ್ದರೆ ಶೂಟೌಟ್.

ಇದರಿಂದ ಒಂದು ಸಣ್ಣ ಪರೀಕ್ಷೆ ಸಿಗುತ್ತೆ. ಆ ಕಾಲದ ಎರಡು ಲೆಗ್ ಪಂದ್ಯದ ಎಕ್ಸ್‌ಟ್ರಾ ಟೈಮ್‌ನಲ್ಲಿ ಎರಡೂ ತಂಡ ಒಂದೊಂದು ಗೋಲ್ ಹೊಡೆದಿದ್ದರೆ ಶೂಟೌಟ್ ಸಾಧ್ಯವೇ ಇಲ್ಲ. ಅತಿಥಿ ತಂಡ ಆಗಲೇ ಗೆದ್ದಿರುತ್ತೆ. ಎಕ್ಸ್‌ಟ್ರಾ ಟೈಮ್ ಗೋಲಿಲ್ಲದೆ ಮುಗಿದರೆ ಮಾತ್ರ ಶೂಟೌಟ್. ಲಿಸ್ಬನ್‌ನಲ್ಲಿ ಯಾರಾದರೂ ಈ ಒಂದು ಮಾತು ನೆನೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಅದೇ ಸೀಸನ್‌ನ ಸೆಮಿಫೈನಲ್ ಪಕ್ಕದಲ್ಲಿಟ್ಟು ನೋಡಿ. ಡೈನಮೊ ಬರ್ಲಿನ್ ಮತ್ತು ಡೈನಮೊ ಮಾಸ್ಕೋ: ಬರ್ಲಿನ್‌ನಲ್ಲಿ 1-1, ಎರಡನೇ ಲೆಗ್ಗೂ 1-1. ಅವೇ ಗೋಲ್ ಒಂದೊಂದು. ಎಕ್ಸ್‌ಟ್ರಾ ಟೈಮ್‌ನಲ್ಲಿ ಗೋಲಿಲ್ಲ. ಶೂಟೌಟ್‌ನಲ್ಲಿ ಮಾಸ್ಕೋ 4-1. ನಿಯಮದ ಪ್ರಕಾರ ನಡೆದ ಶೂಟೌಟ್ ಅಂದರೆ ಇದು.

ಕಡಲತಡಿ_ಕಿಕ್:
ಒಳ್ಳೇ ವಿವರ ಉಂಟು. ಆದರೆ ಸ್ಪೋರ್ಟಿಂಗ್ ಕಡೆಯಿಂದಲೂ ಒಂದು ಮಾತು ಹೇಳ್ಬೇಕು. ಪೆರೆಸ್ ಪೆನಾಲ್ಟಿ ಹೊಡೆದಾಗ ಇನ್ನೂ ಕೆಲವು ನಿಮಿಷ ಬಾಕಿ ಇತ್ತು. ಆಗ ಸ್ಪೋರ್ಟಿಂಗ್‌ಗೆ ನಿಜವಾಗಿ ಇನ್ನೊಂದು ಗೋಲ್ ಬೇಕಿತ್ತು. ಆದರೆ ಸ್ಕೋರ್ ಸಮ ಆಯ್ತು, ಮುಂದೆ ಪೆನಾಲ್ಟಿ ಅಂತ ನಂಬಿದ ತಂಡ ಹೇಗೆ ಆಡ್ತದೆ? ಡಿಫೆನ್ಸ್ ಬಿಟ್ಟು ಎಲ್ಲರನ್ನೂ ಮುಂದೆ ಕಳಿಸುವುದಿಲ್ಲ ಅಲ್ವಾ. ತಪ್ಪು ಲೆಕ್ಕದಿಂದ ಅವರ ಕೊನೆಯ ನಿಮಿಷಗಳ ಆಟವೇ ಬೇರೆ ಆಗಿರ್ಲಿಕ್ಕೂ ಸಾಕು. ಅದಕ್ಕೆ ಮೇಲೆ ಶೂಟೌಟ್ ಗೆದ್ದು, ಗೋಲ್‌ಕೀಪರ್ ಡಮಾಸ್ ಹೀರೋ ಆಗಿ, ಆಮೇಲೆ ನೀವು ಸೋತಿದ್ದೀರಿ ಅಂದ್ರೆ ಆ ಆಟಗಾರರಿಗೆ ಎಂಥ ನೋವು.

ಹಳೇ_ಸ್ಕೋರ್‌ಕಾರ್ಡ್:
ನೋವು ಒಪ್ಪುತ್ತೇನೆ. ಆದರೆ ನಿಯಮ ಸೀಸನ್ ಶುರುವಾಗುವ ಮೊದಲೇ ಅಚ್ಚಾಗಿತ್ತು, ಅದನ್ನು ತಿಳಿದಿರುವುದು ಎರಡೂ ಕ್ಲಬ್‌ಗಳ ಹೊಣೆ. ರೆಫರಿ ತಪ್ಪಿದ್ದು ಪಂದ್ಯ ಮುಗಿದ ಮೇಲಿನ ವಿಧಿಯಲ್ಲಿ. 120 ನಿಮಿಷದ ಗೋಲ್‌ಗಳ ಬಗ್ಗೆ ತಕರಾರೇ ಇರಲಿಲ್ಲ. ಬೇರೆ ತೀರ್ಪಿಗೆ ದಾರಿ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ರೇಂಜರ್ಸ್ ಕೂಡ ಆ ರಾತ್ರಿ ಬೆಲೆ ತೆತ್ತಿತು: ಸೆಂಟರ್ ಹಾಫ್ (ಡಿಫೆನ್ಸ್‌ನ ನಡುವಿನ ಆಟಗಾರ) ರಾನಿ ಮೆಕಿನನ್ ಕಾಲು ಮುರಿದುಕೊಂಡರು. ಫೈನಲ್‌ವರೆಗೂ ಆ ಜಾಗ ತುಂಬುವ ತಲೆನೋವು ಉಳಿಯಿತು.

ಮೂಲೆ_ಬಾವುಟ:
ಈಗ ಪೂರ್ತಿ ಗೊತ್ತಾಯ್ತು, ಧನ್ಯವಾದ. ಇನ್ನೊಂದು ಪ್ರಶ್ನೆ. ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ ಏನಾಯ್ತು? 21-0 ಅಂತ ಒಂದು ಸ್ಕೋರ್ ಕಾಣ್ತಿದೆ, ಅದು ಮುದ್ರಣ ದೋಷವಾ?

ಎಡಗಾಲು_ವಿಂಗರ್:
ದೋಷ ಅಲ್ಲ. ಮೊದಲ ಸುತ್ತಿನಲ್ಲಿ ಲಕ್ಸಂಬರ್ಗ್‌ನ ಜೂನೆಸ್ ಹೌಷರಾಜ್ ವಿರುದ್ಧ ಅಲ್ಲಿ 8-0, ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 13-0. ಪೀಟರ್ ಆಸ್ಗುಡ್ ಒಬ್ಬರೇ ಎರಡು ಲೆಗ್ ಸೇರಿ ಎಂಟು. ಒಂದು ಹಳ್ಳಿಯ ಕ್ಲಬ್ ತನ್ನ ದೇಶದ ಕಪ್ ಗೆದ್ದು ಯುರೋಪಿಗೆ ಬಂದರೆ ಹೀಗೂ ಆಗುತ್ತೆ. ದೇಶಕ್ಕೊಂದು ಕಪ್ ವಿಜೇತ ತಂಡ, ನೇರ ಪ್ರವೇಶ, ಅದು ಈ ಟೂರ್ನಿಯ ಚೆಂದವೂ ಹೌದು, ಅಪಾಯವೂ ಹೌದು.

ಮುಂದಿನ ಸುತ್ತೇ ನಿಜವಾದ ಪಾಠ. ಎದುರಾಳಿ ಸ್ವೀಡನ್‌ನ ಸಣ್ಣ ಊರಿನ ಓಟ್ವಿಡಾಬೆರಿ. ಅಲ್ಲಿ 0-0. ಲಂಡನ್‌ನಲ್ಲಿ ಅಲನ್ ಹಡ್ಸನ್ ಗೋಲ್ ಹೊಡೆದು 1-0. ಜಾನ್ ಹಾಲಿನ್ಸ್‌ಗೆ ಪೆನಾಲ್ಟಿ ಸಿಕ್ಕಿತು, ಹೊಡೆಯಲಾಗಲಿಲ್ಲ. ರೋಲಂಡ್ ಸಾಂಡ್‌ಬೆರಿ 1-1 ಮಾಡಿದರು. ಒಟ್ಟು 1-1, ಅವೇ ಗೋಲ್ ಓಟ್ವಿಡಾಬೆರಿಗೆ. 21 ಗೋಲ್ ಹೊಡೆದ ಚಾಂಪಿಯನ್ ಮನೆಗೆ. ಇದು ನಡೆದದ್ದೂ ನವೆಂಬರ್ 3ರಂದೇ, ಲಿಸ್ಬನ್ ಗೊಂದಲದ ಅದೇ ದಿನ.

ಗೋಲ್‌ಪೋಸ್ಟ್_ಧಾರವಾಡ:
ಇಲ್ಲೇ ಒಂದ್ ಸೂಕ್ಷ್ಮ ಅದ ನೋಡ್ರಿ. ಪರಸ್ಥಳದಾಗ 0-0 ಮಾಡ್ಕೊಂಡ್ ಬಂದ್ರ ಒಳ್ಳೇ ಫಲಿತಾಂಶ ಅಂತ ಭಾಳ ಮಂದಿ ತಿಳ್ಕೋತಾರ. ಈ ನಿಯಮದಾಗ ಅದು ಕಚ್ಚಾ ಫಲಿತಾಂಶ. ತವರಿನ್ಯಾಗ ಗೆಲ್ಲಲೇಬೇಕು, ಗೋಲ್ ಬಿದ್ದ ಯಾವ ಡ್ರಾ ಆದ್ರೂ ಮನಿಗೇ. ಅದs ಪರಸ್ಥಳದಾಗ 1-1 ಮಾಡಿದ್ರ, ತವರಿನ್ಯಾಗ 0-0 ಸಾಕು. ಎದುರಾಳಿ ಗೋಲ್ ಹೊಡೀಲೇಬೇಕಾಗ್ತದ, ಮುಂದ ಬರ್ತಾನ, ಹಿಂದ ಜಾಗಾ ಬಿಡ್ತಾನ. ಎರಡೂ ಡ್ರಾನೇ, ಆದ್ರ ಎರಡನೇ ಲೆಗ್‌ನ ಆಟಾನs ಬ್ಯಾರೆ ಆಗ್ತದ.

ಈಗ ರೇಂಜರ್ಸ್ ಹಾದಿ ನೋಡ್ರಿ. ರೆನ್ ಊರಾಗ 1-1, ಐಬ್ರಾಕ್ಸ್‌ನ್ಯಾಗ 1-0. ಟೊರಿನೊ ಊರಾಗ 1-1, ಐಬ್ರಾಕ್ಸ್‌ನ್ಯಾಗ 1-0. ಬಯರ್ನ್ ಊರಾಗ 1-1, ಐಬ್ರಾಕ್ಸ್‌ನ್ಯಾಗ 2-0. ಮೂರೂ ಸಲ ಮೊದಲ ಲೆಗ್ ಹೊರಗ, ಮೂರೂ ಸಲ ತವರಿನ್ಯಾಗ ಒಂದೂ ಗೋಲ್ ಬಿಟ್ಟುಕೊಡಲಿಲ್ಲ. ತವರಿನ್ಯಾಗ ಮೊದಲ ಲೆಗ್ ಆಡಿದ್ದು ಸ್ಪೋರ್ಟಿಂಗ್ ವಿರುದ್ಧ ಒಂದs ಸಲ. ಅಲ್ಲಿ 3-0 ಇದ್ದದ್ದನ್ನ 3-2 ಮಾಡ್ಕೊಂಡ್ರು, ಜೀವಾ ಹೋಗಿ ಬಂತು. ಈ ಕಪ್ಪನ್ನ ಗೆದ್ದಿದ್ದು ಆ ಮೂರು 1-1ರಿಂದ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಡಲತಡಿ_ಕಿಕ್:
ಲಿವರ್‌ಪೂಲ್‌ದ್ದೂ ಅದೇ ಕಥೆ, ತಿರುಗಿಸಿ. ಎರಡನೇ ಸುತ್ತಿನಲ್ಲಿ ಬಯರ್ನ್ ವಿರುದ್ಧ ಆನ್‌ಫೀಲ್ಡ್‌ನಲ್ಲಿ 0-0, ಮ್ಯೂನಿಕ್‌ನಲ್ಲಿ 1-3. ತವರಿನಲ್ಲಿ ಗೋಲ್ ಬಿಟ್ಟುಕೊಡ್ಲಿಲ್ಲ ಅನ್ನುವುದು ಸಮಾಧಾನ, ಆದರೆ ಅಲ್ಲಿ ಹೋಗಿ ಹೊಡೆಯುವ ತಾಕತ್ತು ಬೇಕಲ್ವಾ. ಗೆರ್ಡ್ ಮ್ಯೂಲರ್ ಇರುವ ತಂಡದ ಎದುರು ಅದು ಸುಲಭ ಅಲ್ಲ.

ಹಳೇ_ಸ್ಕೋರ್‌ಕಾರ್ಡ್:
ಆ ಬಯರ್ನ್ ಎಂಥ ತಂಡ ಅನ್ನುವುದನ್ನು ಮರೆಯಬಾರದು. ಮೇಯರ್, ಬೆಕೆನ್‌ಬೌರ್, ಶ್ವಾರ್ಜೆನ್‌ಬೆಕ್, ಬ್ರೈಟ್ನರ್, ಹೊನೆಸ್, ಮ್ಯೂಲರ್. ರೇಂಜರ್ಸ್ ಎದುರಿನ ಸೆಮಿಫೈನಲ್ ಆದ ಎರಡು ತಿಂಗಳ ನಂತರ, 1972ರ ಜೂನ್‌ನಲ್ಲಿ ಈ ಆರೂ ಜನ ಪಶ್ಚಿಮ ಜರ್ಮನಿಗೆ ಯುರೋಪಿಯನ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. ರೇಂಜರ್ಸ್‌ಗೆ ಹಳೇ ಬಾಕಿಯೂ ಇತ್ತು: ಇದೇ ಕಪ್‌ನ 1967ರ ಫೈನಲ್‌ನಲ್ಲಿ ಬಯರ್ನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 0-1 ಸೋತಿದ್ದರು. ಅವತ್ತು ಆಡಿದ ಗ್ರೆಗ್, ಜಾರ್ಡೀನ್, ಡೇವ್ ಸ್ಮಿತ್, ವಿಲ್ಲಿ ಜಾನ್‌ಸ್ಟನ್ 1972ರಲ್ಲೂ ತಂಡದಲ್ಲಿದ್ದರು.

ಮ್ಯೂನಿಕ್‌ನ ಮೊದಲ ಲೆಗ್‌ನಲ್ಲಿ ಬ್ರೈಟ್ನರ್ ಗೋಲ್. ಅದರ ಮೊದಲೂ ನಂತರವೂ ಬಯರ್ನ್ ಒತ್ತಡವೇ. ಎರಡನೇ ಅರ್ಧದ ಆರಂಭದಲ್ಲಿ ಸ್ಟೈನ್ ಕಳಿಸಿದ ಚೆಂಡು ಝೋಬೆಲ್‌ಗೆ ತಾಗಿ ಅವರದೇ ಗೋಲ್‌ಗೆ ಹೋಯ್ತು. ಸ್ವಂತ ಗೋಲ್ ಆದರೂ ಅವೇ ಗೋಲ್ ಲೆಕ್ಕಕ್ಕೆ ಬರುತ್ತೆ, ಇದೂ ಕೆಲವರು ಕೇಳುವ ಪ್ರಶ್ನೆ.

ಐಬ್ರಾಕ್ಸ್‌ನಲ್ಲಿ ಏಪ್ರಿಲ್ 19ರಂದು ಮೊದಲ ನಿಮಿಷದಲ್ಲೇ ಸ್ಯಾಂಡಿ ಜಾರ್ಡೀನ್ ಎಡಗಾಲಲ್ಲಿ ದೂರದಿಂದ ಹೊಡೆದರು. ಅವರು ಬಲಗಾಲಿನ ಫುಲ್‌ಬ್ಯಾಕ್. ಚೆಂಡು ಹೊರಗೆ ಹೋಗುತ್ತೆ ಅಂತ ಮೇಯರ್ ನೋಡುತ್ತ ನಿಂತರು, ಅದು ಒಳಗೆ ತಿರುಗಿತು. ಎರಡನೇದು ಡೆರೆಕ್ ಪಾರ್ಲೇನ್‌ದು. ಕ್ಯಾಪ್ಟನ್ ಜಾನ್ ಗ್ರೆಗ್ ಗಾಯಗೊಂಡದ್ದರಿಂದ ತಂಡಕ್ಕೆ ಬಂದ ಹುಡುಗ. ಅದೇ ಸಂಜೆ ಅದೇ ಊರಿನ ಇನ್ನೊಂದು ತುದಿಯಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ (ಲೀಗ್ ಚಾಂಪಿಯನ್‌ಗಳ ಬೇರೆ ಟೂರ್ನಿ) ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನ್ ಎದುರು ಎರಡು ಲೆಗ್ಗೂ 0-0 ಆಡಿ ಶೂಟೌಟ್‌ನಲ್ಲಿ ಸೋತಿತು. ಒಂದೇ ರಾತ್ರಿ ಒಂದೇ ನಗರದಲ್ಲಿ ಎರಡು ಯುರೋಪಿಯನ್ ಸೆಮಿಫೈನಲ್! ಎರಡೂ ಕ್ರೀಡಾಂಗಣ ಸೇರಿ ಒಂದೂವರೆ ಲಕ್ಷ ಜನ.

ಮೂಲೆ_ಬಾವುಟ:
ಡೈನಮೊ ಮಾಸ್ಕೋ ಹಾದಿ? ಅವರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ.

ಎಡಗಾಲು_ವಿಂಗರ್:
ಬರೆಯಲೇಬೇಕಾದ ತಂಡ. ಯುರೋಪಿಯನ್ ಕ್ಲಬ್ ಕಪ್ ಫೈನಲ್ ತಲುಪಿದ ಮೊದಲ ಸೋವಿಯತ್ ತಂಡ ಅದು. ಕೋಚ್ ಕಾನ್‌ಸ್ಟಂಟಿನ್ ಬೆಸ್ಕೋವ್. ಒಲಿಂಪಿಯಾಕೋಸ್ ಎದುರು 2-0, 1-2. ಟರ್ಕಿಯ ಎಸ್ಕಿಶೆಹಿರ್‌ಸ್ಪೋರ್ ಎದುರು ಎರಡೂ ಲೆಗ್ 1-0. ಕ್ವಾರ್ಟರ್‌ಫೈನಲ್‌ನಲ್ಲಿ ಬೆಲ್‌ಗ್ರೇಡ್‌ಗೆ ಹೋಗಿ ರೆಡ್ ಸ್ಟಾರ್ ಮೇಲೆ 2-1, ವಾಪಸ್ 1-1.

ಒಂದು ತೊಡಕು ಅವರಿಗೆ ಮಾತ್ರ ಇತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಮಾಸ್ಕೋದ ಮೈದಾನ ಹಿಮದಿಂದ ಎದ್ದಿರುವುದಿಲ್ಲ. ರೆಡ್ ಸ್ಟಾರ್ ವಿರುದ್ಧದ ತವರಿನ ಲೆಗ್ ತಾಷ್ಕೆಂಟ್‌ನಲ್ಲಿ ಆಡಿದರು, ಬರ್ಲಿನ್ ವಿರುದ್ಧದ್ದು ಲ್ವಿವ್‌ನಲ್ಲಿ. ಹೆಸರಿಗೆ ತವರು, ಸ್ವಂತ ಮೈದಾನದ ಅನುಕೂಲ ಇಲ್ಲ. ಸೋವಿಯತ್ ಲೀಗ್ ವಸಂತದಲ್ಲಿ ಶುರುವಾಗಿ ಶರತ್ಕಾಲದಲ್ಲಿ ಮುಗಿಯುತ್ತಿತ್ತು. ಹಾಗಾಗಿ ಕ್ವಾರ್ಟರ್‌ಫೈನಲ್ ಹೊತ್ತಿಗೆ ಎದುರಾಳಿಗಳು ಸೀಸನ್ ನಡುವಿನ ಹದದಲ್ಲಿ, ಇವರು ಚಳಿಗಾಲದ ಬಿಡುವಿನಿಂದ ಆಗಷ್ಟೇ ಹೊರಗೆ. ಇಷ್ಟಾದರೂ ಫೈನಲ್ ತಲುಪಿದ್ದು ದೊಡ್ಡ ಸಾಧನೆ.

ಗೋಲ್‌ಪೋಸ್ಟ್_ಧಾರವಾಡ:
ಫೈನಲ್ ಬಗ್ಗೆ ಯಾರರ ವಿವರವಾಗಿ ಬರೀರಿ.

ಹಳೇ_ಸ್ಕೋರ್‌ಕಾರ್ಡ್:
1972ರ ಮೇ 24, ಬಾರ್ಸಿಲೋನಾದ ಕ್ಯಾಂಪ್ ನೌ. ರೇಂಜರ್ಸ್‌ಗೆ ದೊಡ್ಡ ಚಿಂತೆ ಡಿಫೆನ್ಸ್‌ನ ನಡುವೆ. ಮೆಕಿನನ್ ಕಾಲು ಲಿಸ್ಬನ್‌ನಲ್ಲೇ ಹೋಗಿತ್ತು, ಕಾಲಿನ್ ಜಾಕ್ಸನ್ ಫೈನಲ್‌ಗೆ ಮುಂಚೆ ಗಾಯಗೊಂಡರು. ಕೊನೆಗೆ 18 ವರ್ಷದ ಡೆರೆಕ್ ಜಾನ್‌ಸ್ಟೋನ್ ಅಲ್ಲಿ ನಿಂತರು, ಪಕ್ಕದಲ್ಲಿ ಸ್ವೀಪರ್ (ಯಾರೊಬ್ಬರನ್ನೂ ಕಾಯದೆ ಡಿಫೆನ್ಸ್‌ನ ಹಿಂದೆ ಬಿಡುವಾಗಿ ಆಡುವವ) ಆಗಿ ಡೇವ್ ಸ್ಮಿತ್. ತಂಡ: ಮೆಕ್‌ಲಾಯ್, ಜಾರ್ಡೀನ್, ಮ್ಯಾಥಿಸನ್, ಗ್ರೆಗ್, ಜಾನ್‌ಸ್ಟೋನ್, ಸ್ಮಿತ್, ಮೆಕ್ಲೀನ್, ಕಾನ್, ಸ್ಟೈನ್, ಮ್ಯಾಕ್‌ಡೊನಾಲ್ಡ್, ಜಾನ್‌ಸ್ಟನ್.

ನನ್ನ ಪ್ರಕಾರ ಪಂದ್ಯದ ನಿಜವಾದ ನಾಯಕ ಡೇವ್ ಸ್ಮಿತ್. ಮೊದಲೆರಡು ಗೋಲ್‌ಗೂ ಚೆಂಡು ಕೊಟ್ಟದ್ದು ಅವರೇ. 24ನೇ ನಿಮಿಷದಲ್ಲಿ ಹಿಂದಿನಿಂದ ಉದ್ದ ಪಾಸ್, ಸ್ಟೈನ್ ಓಡಿ ಹೋಗಿ ಹೊಡೆದರು. 40ರಲ್ಲಿ ಸ್ಮಿತ್ ಚೆಂಡಿನ ಜೊತೆ ಮುಂದೆ ಬಂದು ಕ್ರಾಸ್ ಹಾಕಿದರು, ವಿಲ್ಲಿ ಜಾನ್‌ಸ್ಟನ್ ಹೆಡ್ ಮಾಡಿದರು. ಮುಂದಿನ ಆಟಗಾರರನ್ನು ಒಬ್ಬೊಬ್ಬರಾಗಿ ಕಾಯುವ ತಂಡಕ್ಕೆ ಹಿಂದಿನಿಂದ ಎದ್ದು ಬರುವ ಸ್ವೀಪರ್ ಬಗೆಹರಿಯದ ಸಮಸ್ಯೆ. ಅವನನ್ನು ಯಾರು ಹಿಡಿಯಬೇಕು? ಒಬ್ಬ ಬಿಟ್ಟು ಬಂದರೆ ಅಲ್ಲಿ ಜಾಗ ಖಾಲಿ.

ಮೂರನೇದು 49ರಲ್ಲಿ, ಸರಳಾತಿಸರಳ. ಗೋಲ್‌ಕೀಪರ್ ಮೆಕ್‌ಲಾಯ್ ಉದ್ದಕ್ಕೆ ಒದ್ದರು, ಚೆಂಡು ಡೈನಮೊ ಡಿಫೆನ್ಸ್ ದಾಟಿತು, ಜಾನ್‌ಸ್ಟನ್ ಮುಗಿಸಿದರು. 3-0.

ಆಮೇಲೆ ರೇಂಜರ್ಸ್ ಹಿಂದೆ ಸರಿದು ಕಾಯಲು ನಿಂತಿತು. ಅದೇ ತಪ್ಪಾದದ್ದು. ಬದಲಿ ಆಟಗಾರ ಎಶ್ಟ್ರೆಕೋವ್ 60ರಲ್ಲಿ ಒಂದು ಹೊಡೆದರು. ಮಾಸ್ಕೋದವರ ಪಾಸಿಂಗ್ ಅಷ್ಟು ಸೊಗಸಾಗಿತ್ತು ಎಂದರೆ ಕೊನೆಯ ಅರ್ಧ ಗಂಟೆ ಮೈದಾನ ಅವರದೇ. 87ರಲ್ಲಿ ಮಖೋವಿಕೋವ್ 3-2 ಮಾಡಿದರು. ಇನ್ನು ಐದು ನಿಮಿಷ ಇದ್ದಿದ್ದರೆ ಏನಾಗುತ್ತಿತ್ತು ಹೇಳಲಾಗದು. 1961 ಮತ್ತು 1967ರಲ್ಲಿ ಇದೇ ಕಪ್‌ನ ಫೈನಲ್ ಸೋತಿದ್ದ ಕ್ಲಬ್‌ಗೆ ಇದು ಮೊದಲ ಯುರೋಪಿಯನ್ ಟ್ರೋಫಿ.

ಕಡಲತಡಿ_ಕಿಕ್:
ಕಪ್ ಕೊಟ್ಟದ್ದು ಮೈದಾನದಲ್ಲಿ ಅಲ್ಲ, ಒಳಗಿನ ಒಂದು ಕೋಣೆಯಲ್ಲಿ. ಅಭಿಮಾನಿಗಳು ಪಂದ್ಯಕ್ಕೆ ಮೊದಲೂ, ಗೋಲ್ ಬಿದ್ದಾಗಲೂ ಮೈದಾನಕ್ಕೆ ಇಳಿದಿದ್ರು. ಕೊನೆಗೆ ಪೂರ್ತಿ ನುಗ್ಗಿದಾಗ ಫ್ರಾಂಕೋ ಕಾಲದ ಸ್ಪೇನ್ ಪೊಲೀಸರು ಲಾಠಿ ಬೀಸಿದ್ರು, ದೊಡ್ಡ ಹೊಡೆದಾಟ ಆಯ್ತು. ಗ್ರೆಗ್ ಕಪ್ ಹಿಡಿದು ಒಂದು ಸುತ್ತು ಓಡ್ಲಿಕ್ಕೂ ಆಗ್ಲಿಲ್ಲ. ಹಿಂದಿನ ವರ್ಷವಷ್ಟೇ, 1971ರ ಜನವರಿ 2ರಂದು ಐಬ್ರಾಕ್ಸ್ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 66 ಮಂದಿ ತೀರಿಕೊಂಡ ಕ್ಲಬ್ ಅದು. ಆ ಕಪ್ಪನ್ನು ಆಟಗಾರರು ಜನರೆದುರು ಎತ್ತಬೇಕಿತ್ತು.

ಡೈನಮೊ ಮರುಪಂದ್ಯ ಕೇಳಿತು. ಯೂಎಫಾ ಒಪ್ಪಲಿಲ್ಲ, ಆದರೆ ರೇಂಜರ್ಸ್‌ಗೆ ಯುರೋಪಿನಲ್ಲಿ ಎರಡು ವರ್ಷ ನಿಷೇಧ ಹಾಕಿತು. ಮೇಲ್ಮನವಿ ಹಾಕಿದ ಮೇಲೆ ಒಂದು ವರ್ಷಕ್ಕೆ ಇಳಿಯಿತು. ಹಾಗಾಗಿ ಗೆದ್ದ ಕಪ್ ಉಳಿಸಿಕೊಳ್ಳುವ ಅವಕಾಶವೇ ಸಿಗ್ಲಿಲ್ಲ. 1973ರ ಜನವರಿಯಲ್ಲಿ ಅಯಾಕ್ಸ್ ಜೊತೆ ಮೊದಲ ಸೂಪರ್ ಕಪ್ ಆಡಿದ್ರು, ಐಬ್ರಾಕ್ಸ್‌ನಲ್ಲಿ 1-3, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2-3. ನಿಷೇಧ ಇದ್ದ ಕಾರಣ ಯೂಎಫಾ ಅದಕ್ಕೆ ಮುದ್ರೆ ಒತ್ತಲಿಲ್ಲ, ರೇಂಜರ್ಸ್‌ನ ನೂರನೇ ವರ್ಷದ ಪಂದ್ಯ ಅನ್ನುವ ಹೆಸರಲ್ಲಿ ನಡೆಯಿತು.

ಮೂಲೆ_ಬಾವುಟ:
ರೇಂಜರ್ಸ್ ಸ್ಕಾಟಿಷ್ ಕಪ್ ಗೆದ್ದೇ ಈ ಟೂರ್ನಿಗೆ ಬಂದಿದ್ದಲ್ಲವೇ?

ಎಡಗಾಲು_ವಿಂಗರ್:
ಇಲ್ಲ, 1971ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್‌ಗೆ ಸೋತಿದ್ದರು, ಅದೂ ಮರುಪಂದ್ಯದಲ್ಲಿ 1-2. ಸೆಲ್ಟಿಕ್ ಲೀಗೂ ಗೆದ್ದು ಯುರೋಪಿಯನ್ ಕಪ್‌ಗೆ ಹೋದ್ದರಿಂದ ಫೈನಲ್ ಸೋತವರಿಗೆ ಜಾಗ ಸಿಕ್ಕಿತು.

ಗೋಲ್‌ಪೋಸ್ಟ್_ಧಾರವಾಡ:
ಈಗಿನ ನಿಯಮದಾಗ ಲಿಸ್ಬನ್ ಪಂದ್ಯ ಏನಾಗ್ತಿತ್ರಿ? 2021-22ರಿಂದ ಯೂಎಫಾ ಅವೇ ಗೋಲ್ ನಿಯಮಾನs ತೆಗೆದುಬಿಟ್ಟದ.

ಹಳೇ_ಸ್ಕೋರ್‌ಕಾರ್ಡ್:
ಈಗಾಗಿದ್ದರೆ ವಾನ್ ರಾವೆನ್ಸ್ ಮಾಡಿದ್ದೇ ಸರಿ. 5-5ಕ್ಕೆ ಎಕ್ಸ್‌ಟ್ರಾ ಟೈಮ್, 6-6ಕ್ಕೆ ಶೂಟೌಟ್, ಸ್ಪೋರ್ಟಿಂಗ್ ಮುಂದಕ್ಕೆ. ಚೆಲ್ಸಿಗೂ ಓಟ್ವಿಡಾಬೆರಿ ಎದುರು ಇನ್ನರ್ಧ ಗಂಟೆ ಸಿಗುತ್ತಿತ್ತು.

ಎಕ್ಸ್‌ಟ್ರಾ ಟೈಮ್‌ಗೆ ಅವೇ ಗೋಲ್ ಹಚ್ಚುವುದು ನನಗೆ ಯಾವತ್ತೂ ನ್ಯಾಯ ಅನ್ನಿಸಿಲ್ಲ. ಎರಡನೇ ಲೆಗ್‌ನ ಅತಿಥಿಗೆ ಪರಸ್ಥಳದಲ್ಲಿ 120 ನಿಮಿಷ ಸಿಗುತ್ತೆ, ಮೊದಲ ಲೆಗ್‌ನ ಅತಿಥಿಗೆ 90 ಮಾತ್ರ. ಹೆಂಡರ್ಸನ್ ಗೋಲ್ ಬಿದ್ದದ್ದು ಆ ಹೆಚ್ಚುವರಿ 30 ನಿಮಿಷದಲ್ಲೇ. ನಿಯಮ ಇದ್ದಷ್ಟು ಕಾಲ ಪಾಲಿಸಬೇಕು, ರೇಂಜರ್ಸ್ ಗೆಲುವು ಪೂರ್ತಿ ಸಕ್ರಮ. ಆದರೆ ನಿಯಮ ಸಮತೂಕದ್ದಲ್ಲ.

ಗೋಲ್‌ಪೋಸ್ಟ್_ಧಾರವಾಡ:
ನಾ ಒಪ್ಪಂಗಿಲ್ರಿ. ಅತಿಥಿಗೆ 30 ನಿಮಿಷ ಹೆಚ್ಚು ಸಿಕ್ಕರ, ಆ 30 ನಿಮಿಷ ಆತಿಥೇಯರಿಗೆ ತಮ್ಮ ಮಂದಿ ಮುಂದ ಆಡೂ ಲಾಭಾನೂ ಸಿಗ್ತದಲ್ಲ? ಒಂದಕ್ಕೊಂದು ಸರಿ ಹೋಗ್ತದ.

ಎಡಗಾಲು_ವಿಂಗರ್:
ಈ ವಾದಕ್ಕೆ ಪ್ರತ್ಯೇಕ ಚರ್ಚೆ ತೆರೆಯುವುದು ಒಳ್ಳೇದು. ಈ ಸೀಸನ್‌ಗೆ ಸಂಬಂಧಿಸಿದ ಒಂದು ಬಾಕಿ ಮಾತ್ರ ಸೇರಿಸ್ತೀನಿ. ರೇಂಜರ್ಸ್ ಇಲ್ಲದ 1972-73ರಲ್ಲಿ ಸ್ಕಾಟ್ಲೆಂಡ್‌ನಿಂದ ಹಿಬರ್ನಿಯನ್ ಹೋಯಿತು, ಅವರೂ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್‌ಗೆ ಸೋತವರೇ. ಮೊದಲ ಸುತ್ತಿನಲ್ಲಿ ಎದುರಾದದ್ದು ಸ್ಪೋರ್ಟಿಂಗ್. ಲಿಸ್ಬನ್‌ನಲ್ಲಿ ಹಿಬರ್ನಿಯನ್ 1-2 ಸೋತು ಒಂದು ಅವೇ ಗೋಲ್ ತಂದಿತು, ಎಡಿನ್‌ಬರೋದಲ್ಲಿ 6-1 ಗೆದ್ದಿತು. ಆ ಅವೇ ಗೋಲ್ ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ.